ಹಳದಿ ಚೀಲ ಏಕೆ ಉಬ್ಬುತ್ತದೆ, ಗೊಬ್ಬರ ಏಕೆ ನಾರುತ್ತದೆ: ದೊಡ್ಡ ಸರ್ಕಾರಿ ಆಸ್ಪತ್ರೆಯ ಕಸಕ್ಕೊಂದು ದೋಷ ನಿವಾರಣೆ ಕೈಪಿಡಿ

ಜಿಲ್ಲಾಸ್ಪತ್ರೆ, ವೈದ್ಯಕೀಯ ಕಾಲೇಜು ಆಸ್ಪತ್ರೆಯಂಥ ದೊಡ್ಡ ಸಂಸ್ಥೆಗಳಲ್ಲಿ ಕಸದ ವ್ಯವಸ್ಥೆ ನೋಡಿಕೊಳ್ಳುವವರಿಗಾಗಿ ಈ ಬರಹ: ಶುಶ್ರೂಷಾ ಅಧೀಕ್ಷಕರು, ಸೋಂಕು ನಿಯಂತ್ರಣ ನರ್ಸ್‌ಗಳು, ಹೌಸ್‌ಕೀಪಿಂಗ್ ಮೇಲ್ವಿಚಾರಕರು, ಆವರಣದ ಎಂಜಿನಿಯರ್‌ಗಳು. ಇಂಥ ಜಾಗದಲ್ಲಿ ಒಂದೇ ಸೂರಿನಡಿ ಎರಡು ಕಾನೂನುಗಳ ಕಸ ಹುಟ್ಟುತ್ತದೆ. ರಕ್ತದ ಹತ್ತಿ, ಸೂಜಿ, ಸಲೈನ್ ಪೈಪು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಕೆಳಗೆ ಬರುತ್ತವೆ. ಅವಕ್ಕೆ ನಾಲ್ಕು ಬಣ್ಣ: ರಕ್ತ, ಮಾಂಸದ ಕಸಕ್ಕೆ ಹಳದಿ, ಸೋಂಕಿತ ಪ್ಲಾಸ್ಟಿಕ್‌ಗೆ ಕೆಂಪು, ಸೂಜಿಗೆ ಬಿಳಿ, ಗಾಜು ಮತ್ತು ಲೋಹದ ಇಂಪ್ಲಾಂಟಿಗೆ ನೀಲಿ. ಅಡುಗೆಮನೆಯ ಸಿಪ್ಪೆ, ರಟ್ಟು, ನೀರಿನ ಬಾಟಲಿ ಘನತ್ಯಾಜ್ಯ ನಿಯಮಗಳಿಗೆ ಸೇರುತ್ತವೆ. ಆ ನಿಯಮಗಳ ಪ್ರಕಾರ ದಿನಕ್ಕೆ 100 ಕೆಜಿ ಮೀರಿದರೆ ನೀವು ಸಗಟು ಕಸ ಉತ್ಪಾದಕರು. ಇಲ್ಲಿ ಕಾಣುವ ಹೆಚ್ಚಿನ ದೋಷಗಳು ಈ ಎರಡು ಹಾದಿ ಒಂದಕ್ಕೊಂದು ತಾಗುವ ಜಾಗದಲ್ಲೇ ಹುಟ್ಟುತ್ತವೆ.

ದೋಷ ಕಾಣಿಸುವುದು ಹಾದಿಯ ಕೊನೆಯಲ್ಲಿ. ಸಂಗ್ರಹ ಕೊಠಡಿ ನಾರುತ್ತದೆ, ಗೊಬ್ಬರದ ಗೂಡಿನಲ್ಲಿ ಹುಳ ಹರಿದಾಡುತ್ತದೆ, ಗುಜರಿಯವರು ಲೋಡ್ ವಾಪಸ್ ಕಳಿಸುತ್ತಾರೆ. ಕಾರಣ ಮಾತ್ರ ಸಾಮಾನ್ಯವಾಗಿ ಮೂರು ಮಹಡಿ ಮೇಲೆ, ಹಿಂದಿನ ಪಾಳಿಯಲ್ಲಿ, ಇಲ್ಲವೇ ಸ್ಟೋರಿನ ಇಂಡೆಂಟ್ (ಸಾಮಾನಿನ ಬೇಡಿಕೆ) ಪುಸ್ತಕದಲ್ಲಿ ಇರುತ್ತದೆ. "ಜಾಗೃತಿ ಕಾರ್ಯಕ್ರಮ" ಮಾಡಿ ಪೋಸ್ಟರ್ ಅಂಟಿಸುವುದು ಸುಲಭ. ಬುಟ್ಟಿಯೇ ಇಲ್ಲದ ಕಡೆ ಪೋಸ್ಟರ್ ಏನು ಮಾಡೀತು?

ಶುರು ಮಾಡುವ ಮುನ್ನ

ಯಾವ ಪರೀಕ್ಷೆಗೂ ಕಟ್ಟಿದ ಚೀಲ ಬಿಚ್ಚಬೇಡಿ, ಚೀಲದೊಳಗೆ ಕೈ ಹಾಕಬೇಡಿ. ನೋಡುವುದಿದ್ದರೆ ಚೀಲ ಕಟ್ಟುವ ಮೊದಲೇ, ಬುಟ್ಟಿಯ ಮೇಲಿನಿಂದ, ಟಾರ್ಚ್ ಹಿಡಿದು ನೋಡಿ. ಏನನ್ನಾದರೂ ಸರಿಸಬೇಕಾದರೆ 60 ಸೆಂ.ಮೀ. ಉದ್ದದ ಚಿಮಟ ಬಳಸಿ. ದಪ್ಪ ರಬ್ಬರ್ ಕೈಗವಸು, ಗಂಬೂಟು, ಮಾಸ್ಕ್, ಏಪ್ರನ್ ಇರಲೇಬೇಕು. ಪರೀಕ್ಷೆಗೆ ನಿಲ್ಲುವವರಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಆಗಿದೆಯೇ ಎಂದು ಮೊದಲೇ ಕೇಳಿ. ಕಸ ಮುಟ್ಟುವ ಎಲ್ಲರಿಗೂ ಈ ಲಸಿಕೆ ಹಾಕಿಸಬೇಕೆಂದು ನಿಯಮದಲ್ಲೇ ಇದೆ, ಗುತ್ತಿಗೆ ನೌಕರರೂ ಅದರಲ್ಲಿ ಸೇರಿದ್ದಾರೆ.

ಮೊದಲು ತೂಕದ ಪುಸ್ತಕವನ್ನೇ ಅನುಮಾನಿಸಿ

ದೋಷ ಹುಡುಕಲು ನಿಮ್ಮ ಕೈಲಿರುವುದು ತೂಕದ ದಾಖಲೆ ಮಾತ್ರ. ಅದೇ ಸುಳ್ಳಾದರೆ ಮುಂದಿನದೆಲ್ಲ ಕತ್ತಲೆಯಲ್ಲಿ ತಡಕಾಡಿದಂತೆ. ಒಂದು ತಿಂಗಳ ಪುಟ ತೆರೆದು ಕೆಳಗಿನವನ್ನು ನೋಡಿ.

ಅಂಕಿಗಳೆಲ್ಲ 5 ಅಥವಾ 0ಯಲ್ಲಿ ಮುಗಿಯುತ್ತವೆಯೇ? ಹಾಗಿದ್ದರೆ ಅಂದಾಜಿಗೆ ಬರೆದದ್ದು. ಭಾನುವಾರವೂ ಸೋಮವಾರವೂ ಒಂದೇ ತೂಕವೇ? ಓಪಿಡಿ (ಹೊರರೋಗಿ ವಿಭಾಗ) ಮತ್ತು ನಿಗದಿತ ಶಸ್ತ್ರಚಿಕಿತ್ಸೆ ಇಲ್ಲದ ದಿನ ತೂಕ ಇಳಿಯಲೇಬೇಕು. ಇಳಿಯದಿದ್ದರೆ ಯಾರೋ ವಾರದ ಪುಟವನ್ನು ಒಂದೇ ಕೂತಲ್ಲಿ ತುಂಬಿದ್ದಾರೆ. ಒಂದೇ ಪೆನ್ನು, ಒಂದೇ ಕೈಬರಹ, ಒಂದೇ ಓರೆ ಕಂಡರೂ ಹಾಗೆಯೇ. ನಿಮ್ಮ ತೂಕಕ್ಕೂ, ಹಲವು ಆಸ್ಪತ್ರೆಗಳ ಕಸವನ್ನು ಒಟ್ಟಿಗೆ ಸಂಸ್ಕರಿಸುವ ಸಾಮೂಹಿಕ ಸಂಸ್ಕರಣಾ ಘಟಕದ ವಾಹನದವರು ಬಾರ್‌ಕೋಡ್ ಸ್ಕ್ಯಾನ್ ಮಾಡಿ ಬರೆದುಕೊಂಡ ತೂಕಕ್ಕೂ ಎಷ್ಟು ಅಂತರವಿದೆ ಎಂದು ಹೋಲಿಸಿ. ಅಂತರ ಸದಾ ಒಂದೇ ಕಡೆಗೆ ವಾಲುತ್ತಿದ್ದರೆ ತಕ್ಕಡಿ ತಪ್ಪು. ದಿನಕ್ಕೊಂದು ಕಡೆ ಹೊಯ್ದಾಡುತ್ತಿದ್ದರೆ ಬರೆಯುವ ಕೈ ತಪ್ಪು.

ತಕ್ಕಡಿ ಪರೀಕ್ಷೆಗೆ ವಿಶೇಷ ಬಟ್ಟು ಬೇಕಿಲ್ಲ. 20 ಲೀಟರಿನ ಖಾಲಿ ನೀರಿನ ಕ್ಯಾನ್ ಇಟ್ಟು ತಕ್ಕಡಿಯನ್ನು ಸೊನ್ನೆ ಮಾಡಿ, ಲೀಟರ್ ಅಳತೆಯಲ್ಲಿ 20 ಲೀಟರ್ ನೀರು ತುಂಬಿಸಿ ಇಡಿ. 20 ಕೆಜಿ ತೋರಬೇಕು. 200 ಗ್ರಾಂ ಆಚೀಚೆ ಪರವಾಗಿಲ್ಲ. ಅದಕ್ಕೂ ಹೆಚ್ಚಾದರೆ ತಕ್ಕಡಿಯನ್ನು ಸಮತಟ್ಟಾದ ನೆಲಕ್ಕೆ ಸರಿಸಿ ಮತ್ತೆ ನೋಡಿ. ಇಳಿಜಾರು ರ‍್ಯಾಂಪಿನ ಮೇಲೆ ಇಟ್ಟ ತಕ್ಕಡಿಗಳೇ ಹೆಚ್ಚು ತಪ್ಪುತ್ತವೆ.

ಲಕ್ಷಣ: ಹಳದಿ ಚೀಲದ ತೂಕ ಏರಿದೆ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆಸ್ಪತ್ರೆ ಕಸದ ಸುಮಾರು ಶೇ. 85 ಭಾಗ ಮನೆ ಕಸದಂಥದ್ದೇ. ಅಪಾಯಕಾರಿ ಪಾಲು ಶೇ. 15ರ ಆಸುಪಾಸು. ನಿಮ್ಮಲ್ಲಿ ಹಳದಿ, ಕೆಂಪು, ಬಿಳಿ, ನೀಲಿ ನಾಲ್ಕೂ ಸೇರಿ ಒಟ್ಟು ಕಸದ ಮೂರನೇ ಒಂದು ಭಾಗ ದಾಟಿದ್ದರೆ ಸಾಮಾನ್ಯ ಕಸ ಅದರೊಳಗೆ ಹೋಗುತ್ತಿದೆ ಎಂದೇ ಹಿಡಿಯಿರಿ.

ಇದರಿಂದ ಕೆಡುಕೇನು? ಹಳದಿ ಚೀಲ ದಹನ ಕುಲುಮೆಗೆ ಹೋಗುತ್ತದೆ. ಅದರಲ್ಲಿ ಅನ್ನ, ಹಣ್ಣಿನ ಸಿಪ್ಪೆ ಇದ್ದರೆ ಕುಲುಮೆಯ ಬಿಸಿ ಇಳಿದು ಡೀಸೆಲ್ ಹೆಚ್ಚು ಬೇಕಾಗುತ್ತದೆ. ಪಿವಿಸಿ ಪೈಪು, ಯೂರಿನ್ ಬ್ಯಾಗ್ ಇದ್ದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಕ್ಲೋರಿನ್ ಇರುವ ಪ್ಲಾಸ್ಟಿಕ್ ಚೀಲಗಳನ್ನೇ ನಿಯಮ ನಿಷೇಧಿಸಿರುವುದು ಇದೇ ಕಾರಣಕ್ಕೆ. ಗಾಜಿನ ವಯಲ್ ಇದ್ದರೆ ಕರಗಿ ಕುಲುಮೆಯ ತಳದಲ್ಲಿ ಗಡ್ಡೆ ಕಟ್ಟುತ್ತದೆ.

ಹುಡುಕುವ ಕ್ರಮ ಹೀಗೆ. ಹಾದಿಯಲ್ಲಿ ಮೂರು ಜಾಗಗಳಿವೆ: ಹಾಸಿಗೆಯ ಬಳಿಯ ಬುಟ್ಟಿ, ವಾರ್ಡಿನ ಬಾಗಿಲು, ಕೆಳಗಿನ ಸಂಗ್ರಹ ಕೊಠಡಿ. ಮೊದಲು ನಡುವಿನ ಜಾಗದಲ್ಲಿ ನಿಲ್ಲಿ. ವಾರ್ಡಿನ ಬಾಗಿಲು ದಾಟುವಾಗಲೇ ಚೀಲ ಕಲಬೆರಕೆಯಾಗಿದ್ದರೆ ದೋಷ ಒಳಗಿದೆ. ಬಾಗಿಲಲ್ಲಿ ಸರಿಯಿದ್ದು ಕೊಠಡಿಯಲ್ಲಿ ಕೆಟ್ಟಿದ್ದರೆ ದೋಷ ಸಾಗಣೆಯಲ್ಲಿದೆ. ಒಂದು ಬೆಳಗಿನಲ್ಲಿ ಅರ್ಧ ಅನುಮಾನ ಕಳೆಯುತ್ತದೆ.

ಆಮೇಲೆ ಪ್ರತಿ ಚೀಲಕ್ಕೂ ವಾರ್ಡಿನ ಹೆಸರು, ಪಾಳಿ ಬರೆದ ಚೀಟಿ ಕಟ್ಟಿಸಿ, ಒಂದು ವಾರ ವಾರ್ಡ್‌ವಾರು ತೂಗಿ. ಹೆರಿಗೆ ವಾರ್ಡು, ಓಟಿ (ಶಸ್ತ್ರಚಿಕಿತ್ಸೆಯ ಕೋಣೆ), ಕ್ಯಾಶುವಾಲ್ಟಿಯ (ತುರ್ತು ವಿಭಾಗ) ಹಳದಿ ತೂಕ ಹೆಚ್ಚಿದ್ದರೆ ಅದು ಸಹಜ. ಜನರಲ್ ಮೆಡಿಸಿನ್, ಕಣ್ಣಿನ ವಾರ್ಡಿನಲ್ಲಿ ಹೆಚ್ಚಿದ್ದರೆ ಅಲ್ಲಿಗೆ ಹೋಗಿ. ಅಲ್ಲಿ ಸಿಗುವ ಕಾರಣಗಳು ಮೇಲಿಂದ ಮೇಲೆ ಇವೇ:

ಹಾಸಿಗೆಯ ಬಳಿ, ಡ್ರೆಸ್ಸಿಂಗ್ ಟ್ರಾಲಿಯ ಬಳಿ ಹಳದಿ ಬುಟ್ಟಿಯೊಂದೇ ಇದೆ. ಗ್ಲೌಸಿನ ಕಾಗದದ ಹೊದಿಕೆ, ಸಿರಿಂಜಿನ ಕವರ್ ಬಿಸಾಡಲು ಸಿಸ್ಟರ್ ಹತ್ತು ಹೆಜ್ಜೆ ನಡೆಯಬೇಕು. ತುರ್ತಿನಲ್ಲಿ ಯಾರೂ ನಡೆಯುವುದಿಲ್ಲ, ನಡೆಯಬೇಕೆಂದು ನಿರೀಕ್ಷಿಸುವುದೂ ತಪ್ಪು. ರಕ್ತ ತಾಗದ ಹೊದಿಕೆಗಳು ಸಾಮಾನ್ಯ ಒಣ ಕಸ. ಟ್ರಾಲಿಯ ಪಕ್ಕಕ್ಕೇ ಕೊಕ್ಕೆ ಹಾಕಿ ಅವುಗಳಿಗೊಂದು ಚೀಲ ತೂಗುಹಾಕಿ. ಇಷ್ಟು ಅಗ್ಗದ, ಇಷ್ಟು ಬೇಗ ಫಲ ಕೊಡುವ ದುರಸ್ತಿ ಈ ಇಡೀ ಕೈಪಿಡಿಯಲ್ಲಿ ಇನ್ನೊಂದಿಲ್ಲ.

ಕೆಂಪು ಚೀಲ ದಾಸ್ತಾನು ಮುಗಿದಿದೆ. ಇದನ್ನು ಹಿಡಿಯಲು ವಾರ್ಡಿಗೆ ಹೋಗಬೇಕಿಲ್ಲ. ತೂಕದ ಪುಸ್ತಕದಲ್ಲಿ ತಿಂಗಳ ಕೊನೆಯ ವಾರ ಕೆಂಪು ಇಳಿದು ಅಷ್ಟೇ ಪ್ರಮಾಣದಲ್ಲಿ ಹಳದಿ ಏರಿರುತ್ತದೆ. ಸ್ಟೋರಿನ ಇಂಡೆಂಟ್ ದಿನಾಂಕಕ್ಕೆ ತಾಳೆ ಹಾಕಿ ನೋಡಿ. ಪರಿಹಾರ: ಪ್ರತಿ ಬಣ್ಣದಲ್ಲೂ ಹದಿನೈದು ದಿನದ ಚೀಲ ಉಳಿದಾಗಲೇ ಮುಂದಿನ ಇಂಡೆಂಟ್ ಹಾಕಬೇಕು. ಬಣ್ಣ ಬದಲಿಸಿ ಕೊಡುವ ಅಧಿಕಾರ ಸ್ಟೋರಿನವರಿಗೆ ಇರಬಾರದು.

ರಾತ್ರಿ ಪಾಳಿಯಲ್ಲಿ ಮೂರು ನಾಲ್ಕು ವಾರ್ಡಿಗೆ ಒಬ್ಬರೇ ಸ್ವಚ್ಛತಾ ಸಿಬ್ಬಂದಿ. ಅರ್ಧ ತುಂಬಿದ ಚೀಲಗಳನ್ನು ಒಂದಕ್ಕೆ ಸುರಿದು ಕಟ್ಟುತ್ತಾರೆ. ಪಾಳಿಯ ಚೀಟಿ ಇದನ್ನು ಎರಡು ಮೂರು ದಿನದಲ್ಲಿ ತೋರಿಸಿಬಿಡುತ್ತದೆ. ಇಲ್ಲಿ ಮೆಮೊ ಕೊಟ್ಟು ಫಲವಿಲ್ಲ. ಚಿಕ್ಕ ಚೀಲ ಕೊಡಿ, ರಾತ್ರಿಯ ಸುತ್ತು ಒಂದಕ್ಕೆ ಇಳಿಸಿ, ಇಲ್ಲವೇ ಆಳು ಹೆಚ್ಚಿಸಿ.

ದರದ ಒಪ್ಪಂದವನ್ನೂ ಓದಿ. ಸಂಸ್ಕರಣಾ ಘಟಕಕ್ಕೆ ಹಾಸಿಗೆ ಲೆಕ್ಕದಲ್ಲಿ ಹಣ ಕೊಡುತ್ತಿದ್ದರೆ ತೂಕ ಏರಿದರೂ ಬಿಲ್ ಏರುವುದಿಲ್ಲ, ಹಾಗಾಗಿ ಲೆಕ್ಕಪತ್ರ ಶಾಖೆಗೆ ಸುಳಿವೇ ಸಿಗುವುದಿಲ್ಲ. ಕಿಲೋ ಲೆಕ್ಕದಲ್ಲಾದರೆ ಇದಕ್ಕೆ ತದ್ವಿರುದ್ಧ: ಬಿಲ್ ತಗ್ಗಿಸಲು ಹಳದಿಗೆ ಹೋಗಬೇಕಾದ್ದನ್ನು ಸಾಮಾನ್ಯ ಕಸಕ್ಕೆ ದಾಟಿಸುವ ಆಸೆ ಹುಟ್ಟುತ್ತದೆ. ಹೆಚ್ಚು ಅಪಾಯ ಈ ಎರಡನೆಯದರಲ್ಲಿ. ಹಳದಿ ತೂಕ ಇದ್ದಕ್ಕಿದ್ದಂತೆ ಚೆನ್ನಾಗಿ ಇಳಿದರೆ ಖುಷಿಪಡುವ ಮೊದಲು ಸಾಮಾನ್ಯ ಕಸದ ಡಬ್ಬಗಳನ್ನು ಇಣುಕಿ ನೋಡಿ.

ಲಕ್ಷಣ: ಕೆಂಪು ಚೀಲದಲ್ಲಿ ಸಲೈನ್ ಬಾಟಲಿಯೇ ಕಾಣುತ್ತಿಲ್ಲ

ಬಳಸಿದ ಸಲೈನ್ ಬಾಟಲಿ, ಐವಿ ಸೆಟ್, ಕ್ಯಾತಿಟರ್, ಯೂರಿನ್ ಬ್ಯಾಗ್, ಗ್ಲೌಸು, ಸೂಜಿ ತೆಗೆದ ಸಿರಿಂಜು: ಇವು ಕೆಂಪು. ಸಂಸ್ಕರಣಾ ಘಟಕದಲ್ಲಿ ಆಟೋಕ್ಲೇವ್ ಆಗಿ (ಒತ್ತಡದ ಹಬೆಯಲ್ಲಿ ಬೆಂದು), ತುಂಡಾಗಿ, ಆಮೇಲೆ ಮರುಬಳಕೆಗೆ ಹೋಗುತ್ತವೆ. ಆದರೆ ಸ್ವಚ್ಛ ಪ್ಲಾಸ್ಟಿಕ್‌ಗೆ ಗುಜರಿಯಲ್ಲಿ ಬೆಲೆ ಇದೆ, ಹಾಗಾಗಿ ಬಾಟಲಿಗಳು ನಡುವೆಯೇ ಮಾಯವಾಗುತ್ತವೆ.

ಪತ್ತೆ ಹಚ್ಚುವುದು ಸರಳ ಗಣಿತ. ಹತ್ತು ಖಾಲಿ ಬಾಟಲಿ ತೂಗಿ ಒಂದರ ಸರಾಸರಿ ತೂಕ ತೆಗೆಯಿರಿ. ಅದು 25 ಗ್ರಾಂ ಬಂತೆನ್ನಿ. ಔಷಧ ಉಗ್ರಾಣದಿಂದ ವಾರ್ಡುಗಳಿಗೆ ದಿನಕ್ಕೆ 600 ಬಾಟಲಿ ಹೋಗುತ್ತಿದ್ದರೆ, ಬಾಟಲಿಯಿಂದಲೇ 15 ಕೆಜಿ ಕೆಂಪು ಕಸ ಬರಬೇಕು. ಉಳಿದ ದ್ರವ, ಪೈಪು, ಗ್ಲೌಸು ಅದರ ಮೇಲೆ. ಇಡೀ ಆಸ್ಪತ್ರೆಯ ಕೆಂಪು ತೂಕವೇ 18 ಕೆಜಿ ಎಂದು ಬರೆದಿದ್ದರೆ ಬಾಟಲಿಗಳು ಬೇರೆ ಬಾಗಿಲಿಂದ ಹೊರಗೆ ಹೋಗುತ್ತಿವೆ. ಬಳಕೆಯಾದದ್ದಕ್ಕೂ ಕಸವಾದದ್ದಕ್ಕೂ ತಾಳೆ ಹಾಕುವ ಈ ಲೆಕ್ಕ ಗ್ಲೌಸು, ಸಿರಿಂಜಿಗೂ ನಡೆಯುತ್ತದೆ.

ಇದಕ್ಕೆ ಪೊಲೀಸಿಕೆ ಮಾಡುವ ಮೊದಲು ಕೆಳಹಂತದ ಸಿಬ್ಬಂದಿಯ ಸಂಬಳ ಸಮಯಕ್ಕೆ ಆಗುತ್ತಿದೆಯೇ ಎಂದು ಗುತ್ತಿಗೆದಾರರನ್ನು ಕೇಳಿ. ಜೊತೆಗೆ, ರೋಗಿಯನ್ನು ಮುಟ್ಟದ ರಟ್ಟು, ಔಷಧಿ ಪೆಟ್ಟಿಗೆ ಮಾರಿದ ಹಣ ಎಲ್ಲಿ ಹೋಗುತ್ತದೆ ಎಂಬುದಕ್ಕೆ ಬರಹದಲ್ಲಿ ಒಂದು ನಿಯಮ ಇರಲಿ. ಅದು ಅಸ್ಪಷ್ಟವಾಗಿರುವ ಕಡೆ ಸಲೈನ್ ಬಾಟಲಿಯೂ "ಒಣ ಕಸ"ದ ಹೆಸರಿನಲ್ಲಿ ಹೋಗಿಬಿಡುತ್ತದೆ.

ಲಕ್ಷಣ: ನೀಲಿ ಡಬ್ಬದಲ್ಲಿ ಬಿಸ್ಕತ್ ಪೊಟ್ಟಣ, ಕೆಂಪಿನಲ್ಲಿ ಪ್ಯಾಡ್

ಇದಕ್ಕೆ ಜನರ ಅಶಿಸ್ತೇ ಕಾರಣ ಎನ್ನುವುದು ವಾಡಿಕೆ. ನಿಜವಾದ ಕಾರಣ ಬಣ್ಣಗಳ ಘರ್ಷಣೆ. ಊರಿನಲ್ಲಿ ಹಸಿರು ಹಸಿ ಕಸಕ್ಕೆ, ನೀಲಿ ಒಣ ಕಸಕ್ಕೆ ಎಂದು ಕಸದ ಗಾಡಿಯ ಮೈಕು ದಿನವೂ ಹೇಳುತ್ತದೆ. ಬೆಂಗಳೂರಿನ "ಎರಡು ಡಬ್ಬ ಒಂದು ಚೀಲ" ಪದ್ಧತಿಯಲ್ಲಿ ಕೆಂಪು ಡಬ್ಬ ಪ್ಯಾಡ್, ಡೈಪರ್, ಬ್ಯಾಂಡೇಜಿಗೆ. ಆಸ್ಪತ್ರೆಯೊಳಗೆ ನೀಲಿ ಅಂದರೆ ಗಾಜಿನ ವಯಲ್, ಆಂಪೂಲ್, ಲೋಹದ ಇಂಪ್ಲಾಂಟ್. ಕೆಂಪು ಅಂದರೆ ಮರುಬಳಕೆಯಾಗುವ ಸೋಂಕಿತ ಪ್ಲಾಸ್ಟಿಕ್. ರೋಗಿಯ ಕಡೆಯವರು ಮನೆಯಲ್ಲಿ ಕಲಿತದ್ದನ್ನೇ ಇಲ್ಲೂ ಮಾಡುತ್ತಾರೆ. ಶಿಸ್ತಿನ ಜನರೇ ಇಲ್ಲಿ ಹೆಚ್ಚು ತಪ್ಪುತ್ತಾರೆ!

ಖಚಿತಪಡಿಸಿಕೊಳ್ಳಲು: ತಪ್ಪು ವಸ್ತು ಕಾರಿಡಾರಿನ ಡಬ್ಬಗಳಲ್ಲಿ ಮಾತ್ರ ಇದ್ದು, ಔಷಧ ತಯಾರಿಸುವ ಕೋಣೆಯ ಡಬ್ಬಗಳು ಸರಿಯಿದ್ದರೆ ಇದೇ ದೋಷ.

ದುರಸ್ತಿ: ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಗಳನ್ನು ಸಾರ್ವಜನಿಕರು ಓಡಾಡುವ ಜಾಗದಿಂದ ಪೂರ್ತಿ ಒಳಗೆ ತನ್ನಿ. ಕಾರಿಡಾರು, ಓಪಿಡಿ ಹಾಲ್, ಸಹಾಯಕರು ತಂಗುವ ಕಡೆ ಸಾಮಾನ್ಯ ಕಸದ ಡಬ್ಬ ಮಾತ್ರ ಇರಲಿ. ಅಲ್ಲಿ ಬಣ್ಣಕ್ಕಿಂತ ಆಕಾರವನ್ನು ನಂಬಿ: ಒಣ ಕಸಕ್ಕೆ ಕಬ್ಬಿಣದ ಬಳೆಯಿಂದ ತೂಗುವ ಪಾರದರ್ಶಕ ಚೀಲ, ಹಸಿ ಕಸಕ್ಕೆ ಮುಚ್ಚಳದ ಡಬ್ಬ. ಒಳಗೇನಿದೆ ಎಂದು ಕಾಣುವ ಚೀಲಕ್ಕೆ ಜನ ಅದೇ ವಸ್ತುವನ್ನೇ ಹಾಕುತ್ತಾರೆ. ಹೆಂಗಸರ ಶೌಚಾಲಯದೊಳಗೆ ಪ್ಯಾಡಿಗೆಂದೇ ಮುಚ್ಚಳದ ಡಬ್ಬ ಇಡಿ. ಇಲ್ಲದಿದ್ದರೆ ಪ್ಯಾಡು ಕಮೋಡಿನಲ್ಲಿ ಹೋಗಿ ಪೈಪು ಕಟ್ಟಿ, ಆ ದೂರು ನಿಮ್ಮಲ್ಲಿಗೆ ಬರದೆ ಪ್ಲಂಬರ್ ಬಳಿ ಹೋಗುತ್ತದೆ. ಒಳಗಿನ ನೀಲಿ ಡಬ್ಬ ಚುಚ್ಚಿದರೆ ತೂತಾಗದ, ಸೋರದ ಪೆಟ್ಟಿಗೆಯೇ ಆಗಿರಬೇಕು. ಬರೀ ರಟ್ಟಿನ ಪೆಟ್ಟಿಗೆಯ ಕಾಲ 2018ರ ತಿದ್ದುಪಡಿಗೆ ಮುಗಿಯಿತು.

ಲಕ್ಷಣ: ಸ್ವಚ್ಛತಾ ಸಿಬ್ಬಂದಿಗೆ ಸೂಜಿ ಚುಚ್ಚಿದೆ

ಮೊದಲು ಚಿಕಿತ್ಸೆ, ಆಮೇಲೆ ತನಿಖೆ. ಗಾಯವನ್ನು ಹಿಂಡಬಾರದು, ಬಾಯಿಗೆ ಇಡಬಾರದು, ಡೆಟಾಲ್ ಸುರಿಯಬಾರದು. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ನೇರ ಕ್ಯಾಶುವಾಲ್ಟಿಗೆ ಕಳಿಸಿ. ಎಚ್‌ಐವಿ ತಡೆ ಔಷಧಿ ಬೇಕೆಂದು ವೈದ್ಯರು ಹೇಳಿದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಘಟನೆಯನ್ನು ಅಪಘಾತದ ದಾಖಲೆಗೆ ಸೇರಿಸಿ.

ಚುಚ್ಚಿದ ಜಾಗವೇ ದೋಷದ ಜಾಗ ಹೇಳುತ್ತದೆ. ತೊಡೆ, ಮೀನಖಂಡಕ್ಕೆ ಚುಚ್ಚಿದ್ದರೆ ಚೀಲ ಎತ್ತಿ ನಡೆಯುವಾಗ ಆದದ್ದು. ಅಂದರೆ ಸೂಜಿ ಕೆಂಪು ಇಲ್ಲವೇ ಹಳದಿ ಚೀಲದಲ್ಲಿತ್ತು. ವಾರ್ಡಿನ ಸೂಜಿ ಕತ್ತರಿಸುವ ಯಂತ್ರ ನೋಡಿ. ಅಲಗು ಮೊಂಡಾಗಿರುತ್ತದೆ ಅಥವಾ ಕೆಳಗಿನ ಡಬ್ಬಿ ತುಂಬಿ ಸೂಜಿ ಕೆಳಗಿಳಿಯದೆ ಸಿಕ್ಕಿರುತ್ತದೆ. ಆಗ ಸಿಸ್ಟರ್ ಸೂಜಿ ಸಮೇತ ಸಿರಿಂಜನ್ನು ಕೆಂಪಿಗೆ ಹಾಕುತ್ತಾರೆ. ಯಂತ್ರ ಕೆಟ್ಟ ದಿನ ಇಡೀ ಸಿರಿಂಜು ಬಿಳಿ ಪೆಟ್ಟಿಗೆಗೇ ಹೋಗಬೇಕೆಂದು ಗೋಡೆಯ ಮೇಲೆ ಬರೆಯಿರಿ, ಅದು ಹಿಡಿಸುವಷ್ಟು ದೊಡ್ಡ ಬಾಯಿಯ ಪೆಟ್ಟಿಗೆಯನ್ನೂ ಕೊಡಿ. ಬೆರಳಿಗೆ ಚುಚ್ಚಿದ್ದರೆ ಬಿಳಿ ಪೆಟ್ಟಿಗೆ ತುಂಬಿ ತುಳುಕುತ್ತಿತ್ತು, ಯಾರೋ ಒತ್ತಿ ತುಂಬಿದ್ದಾರೆ. ಮುಕ್ಕಾಲು ಭಾಗಕ್ಕೆ ಗೆರೆ ಎಳೆದು ಅಲ್ಲಿಗೇ ಮುಚ್ಚಬೇಕು. ಪಾದಕ್ಕೆ ಚುಚ್ಚಿದ್ದರೆ ಸೂಜಿ ನೆಲಕ್ಕೆ ಬಿದ್ದಿತ್ತು, ಗಂಬೂಟು ಇರಲಿಲ್ಲ. ಎರಡೂ ಬೇರೆ ಬೇರೆ ದೋಷ, ಎರಡನ್ನೂ ಬರೆದುಕೊಳ್ಳಿ.

ಲಕ್ಷಣ: ಸಂಗ್ರಹ ಕೊಠಡಿ ನಾರುತ್ತಿದೆ

ಬೇಗ ಮುಗಿಯುವ ಪತ್ತೆ ಇದು. ಮಾಂಸಖಂಡ, ರಕ್ತಸಿಕ್ತ ಕಸವನ್ನು ಸಂಸ್ಕರಿಸದೆ 48 ಗಂಟೆ ಮೀರಿ ಇಡುವಂತಿಲ್ಲ. ಇಡಲೇಬೇಕಾದರೆ ಕಾರಣ ಸಹಿತ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಬೇಕು. ವಾಹನ ಬಂದ ದಿನಗಳನ್ನು ನೋಡಿ. ವಾಸನೆ ಹಬ್ಬದ ಮರುದಿನ ಮಾತ್ರ ಬಂದರೆ ವಾಹನದ ದೋಷ. ಪ್ರತಿದಿನ ಬಂದರೆ ಚೀಲ ಸೋರುತ್ತಿದೆ ಅಥವಾ ನೆಲದ ಮೋರಿ ಕಟ್ಟಿದೆ. ಬೀಗ, ಬಲೆ ಹಾಕಿದ ಕಿಟಕಿ, ನೀರಿನ ನಲ್ಲಿ ಇಲ್ಲದ ಕೊಠಡಿಯಲ್ಲಿ ನಾಯಿ, ಇಲಿ ಚೀಲ ಹರಿಯುತ್ತವೆ. ಅದನ್ನು ಫಿನಾಯಿಲಿನಿಂದ ಸರಿಪಡಿಸಲಾಗದು.

ಲಕ್ಷಣ: ಗೊಬ್ಬರದ ಗೂಡು ನಾರುತ್ತಿದೆ, ಹುಳ ಬಿದ್ದಿದೆ

ಹೆಚ್ಚು ದೂರು ಬರುವುದು, ಹೆಚ್ಚು ತಪ್ಪು ಚಿಕಿತ್ಸೆ ನಡೆಯುವುದು ಇಲ್ಲೇ. ವಾಸನೆ ಬಂತೆಂದು ಸಿಬ್ಬಂದಿ ಮೊದಲು ಮಾಡುವ ಕೆಲಸ ಬ್ಲೀಚಿಂಗ್ ಪುಡಿ ಎರಚುವುದು, ಫಿನಾಯಿಲ್ ಸುರಿಯುವುದು. ಆಸ್ಪತ್ರೆಯಲ್ಲಿ ಅವು ಕೈಗೆಟುಕುವಲ್ಲೇ ಇರುತ್ತವೆ ನೋಡಿ. ಅವು ಕೊಳೆಸುವ ಜೀವಾಣುಗಳನ್ನೇ ಕೊಲ್ಲುತ್ತವೆ. ಒಂದು ವಾರ ವಾಸನೆ ಇರುವುದಿಲ್ಲ, ಗೂಡು ತಣ್ಣಗಾಗಿ ಸತ್ತಿರುತ್ತದೆ. ಆಮೇಲೆ ಎರಡರಷ್ಟು ನಾರುತ್ತದೆ. ಗೂಡಿನ ಬಳಿ ಬಿಳಿ ಪುಡಿಯ ಗುರುತು ಕಂಡರೆ ಬೇರೆ ಪರೀಕ್ಷೆ ಬೇಡ, ಮೇಲಿನ ಪದರ ತೆಗೆದುಹಾಕಿ ಹಳೆಯ ಗೊಬ್ಬರ ಬೆರೆಸಿ ಹೊಸದಾಗಿ ಶುರು ಮಾಡಿ.

ಪುಡಿ ಹಾಕಿಲ್ಲದಿದ್ದರೆ ಮೂಗು, ಕೈ, ಒಂದು ಕಬ್ಬಿಣದ ಸರಳು ಸಾಕು.

ಮೂಗು: ಕೊಳೆತ ಮೊಟ್ಟೆಯ ವಾಸನೆ ಅಂದರೆ ಗಾಳಿ ಇಲ್ಲ. ಮೂತ್ರದಂಥ ಘಾಟು ಅಂದರೆ ಸಾರಜನಕ ಹೆಚ್ಚಾಗಿ ಅಮೋನಿಯಾ ಹೋಗುತ್ತಿದೆ, ಒಣ ಎಲೆ ಸಾಲದು. ಹುಳಿ ವಾಸನೆ ಅಂದರೆ ಅನ್ನ ಮುದ್ದೆಕಟ್ಟಿ ಹುದುಗಿದೆ.

ಕೈ: ಗ್ಲೌಸು ಹಾಕಿ ಗೂಡಿನ ಒಡಲಿನಿಂದ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಎರಡು ಮೂರು ಹನಿ ಬಂದರೆ ತೇವಾಂಶ ಶೇ. 50ರಿಂದ 60, ಸರಿಯಾಗಿದೆ. ನೀರು ಸುರಿದರೆ ಹೆಚ್ಚು. ಕೈ ಬಿಟ್ಟ ಕೂಡಲೇ ಪುಡಿಯಾದರೆ ಕಡಿಮೆ.

ಸರಳು: 12 ಮಿ.ಮೀ. ದಪ್ಪದ ಸರಳನ್ನು ನಡುಮಧ್ಯಕ್ಕೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆದು ಹಿಡಿಯಿರಿ. ಹಿಡಿದಿಟ್ಟುಕೊಳ್ಳಲು ಆಗದಷ್ಟು ಬಿಸಿಯಿದ್ದರೆ 55 ಡಿಗ್ರಿ ಸೆಲ್ಸಿಯಸ್‌ ಸುಮಾರಿಗಿದೆ. ಉದ್ದ ಕಡ್ಡಿಯ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು, 55ರಿಂದ 65 ಇರಬೇಕು. ಉಗುರುಬೆಚ್ಚಗಿದ್ದರೆ ಕೆಲಸ ನಡೆಯುತ್ತಿಲ್ಲ, ನೊಣದ ಹುಳ ಸಾಯುವುದಿಲ್ಲ. ಹುಳ ಮೇಲ್ಮೈಯಲ್ಲಿ ಮಾತ್ರ ಇದ್ದರೆ ಒಳಗಿನ ಬಿಸಿ ಸರಿಯಿದೆ ಎಂದರ್ಥ. ಮೇಲೆ ಒಂದು ಗೇಣು ಒಣ ಎಲೆ ಮುಚ್ಚಿದರೆ ನೊಣ ಮೊಟ್ಟೆಯಿಡುವುದು ನಿಲ್ಲುತ್ತದೆ.

ಇನ್ನು ಕಾರಣಗಳು. ಆಸ್ಪತ್ರೆ ಅಡುಗೆಮನೆಯ ಕಸದಲ್ಲಿ ತರಕಾರಿ ಸಿಪ್ಪೆಗಿಂತ ತಟ್ಟೆಯಲ್ಲಿ ಉಳಿದ ಅನ್ನ, ಸಾಂಬಾರು ಹೆಚ್ಚು. ಅನ್ನ ಒತ್ತಿ ಕೂತು ಗಾಳಿ ತಡೆಯುತ್ತದೆ. ಸಾಂಬಾರಿನ ನೀರು, ಉಪ್ಪು, ಎಣ್ಣೆ ತಳದಲ್ಲಿ ನಿಲ್ಲುತ್ತವೆ. ತೂತಿನ ಡ್ರಮ್ಮಿನಲ್ಲಿ ಅರ್ಧ ಗಂಟೆ ಬಸಿದು ಆಮೇಲೆ ಗೂಡಿಗೆ ಹಾಕಿ. ಒಂದು ಬುಟ್ಟಿ ಹಸಿ ಕಸಕ್ಕೆ ಒಂದೂವರೆ ಬುಟ್ಟಿ ಒಣ ಎಲೆ, ಜೊತೆಗೆ ಒಂದೆರಡು ಸಲಿಕೆ ಹಳೆಯ ಗೊಬ್ಬರ. ಇಂಗಾಲ ಮತ್ತು ಸಾರಜನಕದ ಪ್ರಮಾಣ 25ರಿಂದ 30ಕ್ಕೆ 1 ಇರಬೇಕೆಂದು ಪುಸ್ತಕ ಹೇಳುವುದನ್ನು ಬುಟ್ಟಿಯ ಲೆಕ್ಕಕ್ಕೆ ಇಳಿಸಿದರೆ ಹೆಚ್ಚುಕಡಿಮೆ ಇಷ್ಟೇ. ಅನ್ನ ಸಾಂಬಾರೇ ಮುಕ್ಕಾಲು ಪಾಲಾಗಿದ್ದರೆ ಗೊಬ್ಬರಕ್ಕಿಂತ ಗೋಬರ್ ಗ್ಯಾಸಿನಂಥ ಘಟಕವೇ ತಕ್ಕದ್ದು. ಆದರೆ ಅಡುಗೆಮನೆ ತೊಳೆದ ಫಿನಾಯಿಲ್ ನೀರು ಅದಕ್ಕೆ ಸೇರಿದರೆ ಅದೂ ಸಾಯುತ್ತದೆ.

ದೂರು ಪ್ರತಿವರ್ಷ ಜೂನ್‌ನಲ್ಲೇ ಶುರುವಾಗುತ್ತಿದ್ದರೆ ದೋಷ ಫೆಬ್ರುವರಿಯಲ್ಲಿದೆ. ನಮ್ಮ ಕಡೆ ಹೊಂಗೆ, ಬೇವು, ಹಾಗೂ ಇತರ ಮರಗಳ ಎಲೆ ಉದುರುವುದು ಶಿವರಾತ್ರಿಯ ಆಚೀಚೆ. ಆಗ ಆವರಣದ ಎಲೆ ಗುಡಿಸಿ ಸುಡುತ್ತಾರೆ, ಇಲ್ಲವೇ ಹೊರಗೆ ಸಾಗಿಸುತ್ತಾರೆ. ಮಳೆಗಾಲಕ್ಕೆ ಎಲೆ ಇರುವುದಿಲ್ಲ, ಇದ್ದದ್ದೂ ನೆಂದಿರುತ್ತದೆ. ದಿನಕ್ಕೆ 100 ಕೆಜಿ ಹಸಿ ಕಸ ಸುಮಾರು 0.2 ಘನ ಮೀಟರ್. ಅದಕ್ಕೆ 0.3 ಘನ ಮೀಟರ್ ಎಲೆ ಬೇಕು. ನೂರು ದಿನದ ಮಳೆಗೆ 30 ಘನ ಮೀಟರ್ ಆಯಿತು. ಕತ್ತರಿಸುವ ಯಂತ್ರಕ್ಕೆ ಹಾಕಿದರೆ ಇದು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಒಂದು ಹಳೆಯ ಶೆಡ್ಡಿನಲ್ಲಿ ಹಿಡಿಸುತ್ತದೆ. ಎಲೆ ಸಾಲದಿದ್ದರೆ ತೆಂಗಿನ ನಾರಿನ ಪುಡಿ, ಬಣ್ಣ ಬಳಿಯದ ಮರದ ಹೊಟ್ಟು ನಡೆಯುತ್ತದೆ.

ಗೂಡುಗಳ ಸಂಖ್ಯೆ ಎಣಿಸಿ. ಮೇಲಿನ ಲೆಕ್ಕದಲ್ಲಿ ಒಂದು ಘನ ಮೀಟರಿನ ಗೂಡು, ಕುಸಿತವೂ ಸೇರಿ, ಎರಡೂವರೆ ದಿನಕ್ಕೆ ತುಂಬುತ್ತದೆ. ಗೊಬ್ಬರವಾಗಲು 45 ದಿನ ಬೇಕು. ಅಂದರೆ 18 ಗೂಡು. ಕಟ್ಟಿರುವುದು ನಾಲ್ಕೋ ಆರೋ ಆಗಿರುತ್ತದೆ, ಏಕೆಂದರೆ ಅಂದಾಜುಪಟ್ಟಿಯಲ್ಲಿ ಅಷ್ಟೇ ಇತ್ತು. ಜಾಗ ಸಾಲದೆ ಹದಿನೈದು ದಿನಕ್ಕೇ ಅರೆಬೆಂದ ಕಸ ತೆಗೆದು ಉದ್ಯಾನಕ್ಕೆ ಸುರಿಯುತ್ತಾರೆ, ಅಲ್ಲಿ ನಾರುತ್ತದೆ, ಗಿಡ ಹಳದಿಯಾಗುತ್ತದೆ. ಇದಕ್ಕೆ ಎಷ್ಟು ಕಲ್ಚರ್ ಪುಡಿ (ಕೊಳೆಸುವ ಜೀವಾಣುಗಳ ಪುಡಿ) ಎರಚಿದರೂ ಪ್ರಯೋಜನವಿಲ್ಲ. ವಾರಕ್ಕೊಮ್ಮೆ ಮಗುಚಿದರೆ ಒಂದಷ್ಟು ದಿನ ಉಳಿಯುತ್ತದೆ, ಗೂಡು ಮಾತ್ರ ಕಟ್ಟಲೇಬೇಕು.

24 ಗಂಟೆಯ ಯಂತ್ರದ ಗೊಬ್ಬರ ಗಿಡ ಸುಡುತ್ತಿದೆ

ಕರೆಂಟಿನಿಂದ ಬಿಸಿ ಮಾಡಿ ಕಲಕುವ ಯಂತ್ರ ಒಂದು ದಿನದಲ್ಲಿ ಕೊಡುವುದು ಒಣಗಿದ ಕಸದ ಪುಡಿ. ಪರೀಕ್ಷೆ: ಒಂದು ಹಿಡಿಯನ್ನು ನೀರಿನಲ್ಲಿ ನೆನೆಸಿ ಬಾಯಿ ಕಟ್ಟಿದ ಕವರಿನಲ್ಲಿ ಮೂರು ದಿನ ಇಡಿ. ಬಿಚ್ಚಿದಾಗ ಹುಳಿ ಅಥವಾ ಕೊಳೆತ ವಾಸನೆ ಬಂದರೆ ಅದು ಗೊಬ್ಬರವಾಗಿಲ್ಲ. ಮಳೆಗೆ ನೆಂದ ಮಣ್ಣಿನ ವಾಸನೆ ಬರಬೇಕು. ಎರಡನೇ ಪರೀಕ್ಷೆಗೆ ಅರ್ಧ ಮಣ್ಣು ಅರ್ಧ ಗೊಬ್ಬರದ ತಟ್ಟೆಯಲ್ಲಿ ಇಪ್ಪತ್ತು ಹೆಸರುಕಾಳು, ಬರೀ ಮಣ್ಣಿನ ತಟ್ಟೆಯಲ್ಲಿ ಇಪ್ಪತ್ತು ಬಿತ್ತಿ. ಐದನೇ ದಿನ ಮೊದಲ ತಟ್ಟೆಯಲ್ಲಿ ಮೊಳಕೆ ತೀರ ಕಡಿಮೆಯಿದ್ದರೆ ಪುಡಿಯನ್ನು ತೇವ ಮಾಡಿ ಗೂಡಿನಲ್ಲಿ ಇನ್ನೂ ಮೂರು ನಾಲ್ಕು ವಾರ ಮಾಗಿಸಬೇಕು. ಯಂತ್ರ ಕೊಂಡವರು ಗೂಡು ಬೇಡವೆಂದುಕೊಳ್ಳುವುದೇ ಇಲ್ಲಿನ ಮೂಲ ದೋಷ.

ಎಳನೀರು ಬುರುಡೆ

ಇದಕ್ಕೆ ಬೇರೆಯೇ ತಲೆಬರಹ ಬೇಕು. ಆಸ್ಪತ್ರೆಯ ಗೇಟಿನಲ್ಲಿ ಎಳನೀರು ಮಾರುವವರು ಇದ್ದೇ ಇರುತ್ತಾರೆ, ಬುರುಡೆ ಒಳಗೆ ಬಂದೇ ಬರುತ್ತದೆ. ಹಸಿ ಕಸದ ಡಬ್ಬಕ್ಕೆ ಮೂರು ಬುರುಡೆ ಬಿದ್ದರೆ ಡಬ್ಬ ತುಂಬಿತು, ಉಳಿದದ್ದು ನೆಲಕ್ಕೆ. ಗೂಡಿನಲ್ಲಿ ಇಡಿಯಾಗಿ ಹಾಕಿದರೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಬಯಲಿನಲ್ಲಿ ಬಿಟ್ಟರೆ ಅದರಲ್ಲಿ ನಿಂತ ಮಳೆನೀರಿನಲ್ಲಿ ಡೆಂಗಿಯ ಈಡಿಸ್ ಸೊಳ್ಳೆ ಒಂದು ವಾರ ಹತ್ತು ದಿನದಲ್ಲಿ ಮರಿ ಮಾಡುತ್ತದೆ. ಆಸ್ಪತ್ರೆಯ ಆವರಣದಲ್ಲೇ! ಬುರುಡೆಗೆ ಬೇರೆ ಪಂಜರ ಇಡಿ. ಸೀಳಿ ಒಣಗಿಸಿ ಕತ್ತರಿಸುವ ಯಂತ್ರಕ್ಕೆ ಹಾಕಿದರೆ ಮಳೆಗಾಲಕ್ಕೆ ಬೇಕಾದ ಒಣ ಪದಾರ್ಥವೂ ಆಗುತ್ತದೆ. ಯಂತ್ರವಿಲ್ಲದಿದ್ದರೆ ಬುರುಡೆಯನ್ನು ಮಾರುವವರೇ ಹಿಂದಕ್ಕೆ ತೆಗೆದುಕೊಳ್ಳುವಂತೆ ನಗರಸಭೆಯ ಮೂಲಕ ಮಾತಾಡಿ. ವಾರ್ಡಿಗೆ ಬುರುಡೆ ಒಯ್ಯದೆ ಗೇಟಿನಲ್ಲೇ ಬಾಟಲಿಗೆ ಸುರಿಸಿಕೊಳ್ಳುವ ರೂಢಿ ಹಾಕಿಸಿದರೆ ಅರ್ಧ ಕೆಲಸ ಮುಗಿಯಿತು.

ಲಕ್ಷಣ: ಒಣ ಕಸದ ಲೋಡ್ ವಾಪಸ್ ಬಂದಿದೆ

ವಾಪಸ್ ಕಳಿಸಿದವರನ್ನೇ ಕಾರಣ ಕೇಳಿ, ಅವರಷ್ಟು ಖಚಿತವಾಗಿ ಬೇರೆ ಯಾರೂ ಹೇಳಲಾರರು. ಬರುವ ಉತ್ತರಗಳು ಎರಡೇ. "ನೆಂದಿದೆ": ರಟ್ಟಿಗೆ ಸಾಂಬಾರು ತಾಗಿದೆ ಅಥವಾ ಮಳೆಯಲ್ಲಿ ಇಟ್ಟಿದ್ದೀರಿ. ಇದು ಸೂರಿನ ಪ್ರಶ್ನೆ. ರೋಗಿಗಳ ಕಡೆಯವರಿಗೆ ಊಟ ಹಂಚುವ ಜಾಗದಲ್ಲಿ ಎಂಜಲಿಗೂ ತಟ್ಟೆಗೂ ಬೇರೆ ಡಬ್ಬ ಇಲ್ಲದಿರುವುದೂ ಇದಕ್ಕೆ ಸೇರಿದೆ. "ಆಸ್ಪತ್ರೆ ಮಾಲು ಇದೆ": ಒಳಗೆ ಒಂದು ಐವಿ ಸೆಟ್ಟೋ ಗ್ಲೌಸೋ ಸಿಕ್ಕಿದೆ. ಇಡೀ ಲೋಡ್ ತಡೆಯುವುದು ಅವರ ಹಕ್ಕು, ಮಾಡಿದ್ದೂ ಸರಿ. ವಾರ್ಡಿನ ಒಣ ಕಸವನ್ನೂ ಆಡಳಿತ ಕಚೇರಿ, ಔಷಧ ಉಗ್ರಾಣ, ಕ್ಯಾಂಟೀನಿನ ಒಣ ಕಸವನ್ನೂ ಒಂದೇ ಗಾಡಿಗೆ ಹಾಕಬೇಡಿ. ಎರಡನೆಯದು ಎಂದೂ ವಾಪಸ್ ಬರುವುದಿಲ್ಲ. ಮೊದಲನೆಯದನ್ನು ಚೀಲ ಕಟ್ಟುವ ಮೊದಲೇ ಮೇಜಿನ ಮೇಲೆ ಹರಡಿ ಚಿಮಟದಿಂದ ನೋಡಿ, ಆಮೇಲೆ ಕಳಿಸಿ. ಐವಿ ಸೆಟ್ ಸಿಕ್ಕಿದ ಚೀಲದ ಚೀಟಿ ಯಾವ ವಾರ್ಡಿನದೋ ಅಲ್ಲಿಂದ ಹಳದಿ ಚೀಲದ ಪತ್ತೆಕ್ರಮವನ್ನೇ ಮತ್ತೆ ಹಿಡಿಯಿರಿ.

ದುರಸ್ತಿಯ ನಂತರದ ಪರೀಕ್ಷೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಭಾನುವಾರವೂ ಸೇರಿದಂತೆ ಏಳು ದಿನ ತೂಗಿ. ನಾಲ್ಕು ಬಣ್ಣ, ಹಸಿ, ಒಣ: ಆರನ್ನೂ ಕೂಡಿಸಿ. ಒಂದು ಇಳಿದಾಗ ಇನ್ನೊಂದು ಅಷ್ಟೇ ಏರಿದ್ದರೆ ಕಸ ತನ್ನ ಜಾಗಕ್ಕೆ ಹೋಗಿದೆ. ಒಂದು ಇಳಿದು ಒಟ್ಟು ಮೊತ್ತವೂ ಇಳಿದಿದ್ದರೆ ಕಸ ದಾಖಲೆಯಿಲ್ಲದ ದಾರಿ ಹಿಡಿದಿದೆ. ಹಿಂಭಾಗದ ಗೋಡೆ, ಬಾಯ್ಲರ್ ಮನೆಯ ಹಿಂದಿನ ಗುಂಡಿ, ರಾತ್ರಿ ಹೊಗೆ ಏಳುವ ಮೂಲೆ ಇವನ್ನು ನೋಡಿಕೊಂಡು ಬನ್ನಿ. ಹೊಸ ಬ್ಯಾಚಿನ ಇಂಟರ್ನಿಗಳು, ನರ್ಸಿಂಗ್ ವಿದ್ಯಾರ್ಥಿಗಳು ಬಂದ ವಾರ, ಗುತ್ತಿಗೆದಾರ ಬದಲಾದ ವಾರ ಇದೇ ಏಳು ದಿನದ ತೂಕವನ್ನು ಮತ್ತೆ ಮಾಡಿಸಿ.